ಕನ್ಸೋಲ್ ಆನ್‌ಲೈನ್ ಚಂದಾ ಕಟ್ಟಬೇಕಾ, ಬೇಡವಾ? ದುಡ್ಡು ಕೊಡುವ ಮುಂಚೆ ಮಾಡಬೇಕಾದ ಲೆಕ್ಕ

ಕನ್ಸೋಲಿಗೆ, ಅಂದರೆ ಟಿವಿಗೆ ಜೋಡಿಸಿ ವಿಡಿಯೊ ಗೇಮ್ ಆಡುವ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಥರದ ಯಂತ್ರಕ್ಕೆ, ದುಡ್ಡು ಕೊಟ್ಟಾಯ್ತು. ಗೇಮ್ ಡಿಸ್ಕಿಗೆ ನಾಲ್ಕೈದು ಸಾವಿರ ಕೊಟ್ಟಾಯ್ತು. ಫೈಬರ್ ಬಿಲ್ ತಿಂಗಳು ತಿಂಗಳು ಕಟ್ಟುತ್ತಲೇ ಇದ್ದೇವೆ. ಇಷ್ಟೆಲ್ಲ ಆದಮೇಲೆ ಗೆಳೆಯನ ಜೊತೆ ಒಂದು ಫುಟ್‌ಬಾಲ್ ಮ್ಯಾಚ್ ಆಡೋಣ ಅಂತ ಹೊರಟರೆ, ಮೊದಲು ಚಂದಾ ಕಟ್ಟಿ ಅಂತ ಟಿವಿ ಪರದೆ ಹೇಳುತ್ತದೆ. ಸಿಟ್ಟು ಬರುವುದು ಸಹಜ. ಆ ಸಿಟ್ಟಿನಲ್ಲೇ ಕೆಲವರು ಕಟ್ಟುವುದೇ ಇಲ್ಲ. ಇನ್ನು ಕೆಲವರು ಹೋಗಲಿ ಬಿಡು ಅಂತ ಒಂದು ವರ್ಷದ್ದು ಒಟ್ಟಿಗೆ ಕಟ್ಟಿ ಮರೆತುಬಿಡುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿನ ಹೆಚ್ಚಿನ ಮನೆಗಳಿಗೆ ವರ್ಷದ ಚಂದಾ ಬೇಕಿಲ್ಲ. ಬೇಕಾದ ತಿಂಗಳು ಕಟ್ಟಿ, ಬೇಡವಾದ ತಿಂಗಳು ಬಿಟ್ಟರೆ ಸಾಕು. ಕೆಲವರಿಗಂತೂ ಚಂದಾದ ಅಗತ್ಯವೇ ಇಲ್ಲ, ಆದರೂ ಕಟ್ಟುತ್ತಿದ್ದಾರೆ. ನೀವು ಯಾವ ಗುಂಪಿನವರು ಅಂತ ತಿಳಿಯಲು ಕೆಳಗಿನ ಹೆಜ್ಜೆಗಳನ್ನು ಒಂದೊಂದಾಗಿ ನೋಡಿ. ಒಂದು ಹಾಳೆ, ಒಂದು ಪೆನ್ನು ಪಕ್ಕದಲ್ಲಿದ್ದರೆ ಒಳ್ಳೆಯದು.

ಹೆಜ್ಜೆ 1: ಏನನ್ನು ಮಾರುತ್ತಿದ್ದಾರೆ ಅಂತ ಬಿಡಿಸಿ ನೋಡಿ

ಚಂದಾ ಅಂದರೆ ಒಂದೇ ಸಾಮಾನಲ್ಲ. ಒಂದೇ ಪೊಟ್ಟಣದೊಳಗೆ ಮೂರು ಬೇರೆ ಬೇರೆ ವಸ್ತು ಇರುತ್ತವೆ. ಮೊದಲನೆಯದು ಆನ್‌ಲೈನಿನಲ್ಲಿ ಬೇರೆಯವರ ಜೊತೆ ಆಡುವ ಅನುಮತಿ. ಇದು ಹೆದ್ದಾರಿಯ ಟೋಲ್ ಇದ್ದ ಹಾಗೆ. ಕಾರೂ ನಿಮ್ಮದು, ಪೆಟ್ರೋಲೂ ನಿಮ್ಮದು, ಆದರೂ ಗೇಟಿನಲ್ಲಿ ಕಾಸು ಕೊಡಲೇಬೇಕು. ಎರಡನೆಯದು ಗೇಮ್‌ಗಳ ಬಾಡಿಗೆ ಲೈಬ್ರರಿ. ಮೂರನೆಯದು ನಿಮ್ಮ ಆಟದ ಸೇವ್ ಫೈಲ್‌ಗಳನ್ನು (ಎಲ್ಲಿಯ ತನಕ ಆಡಿದ್ದೀರಿ ಅನ್ನುವ ದಾಖಲೆ) ಕಂಪನಿಯ ಸರ್ವರಿನಲ್ಲಿ ಇಡುವ ಜಾಗ, ಅಂದರೆ ಕ್ಲೌಡ್ ಸೇವ್.

ಈ ಮೂರಕ್ಕೂ ಮನಸ್ಸಿನಲ್ಲಿ ಬೇರೆ ಬೇರೆ ಬೆಲೆ ಕಟ್ಟಿ. ಒಟ್ಟಿಗೆ ನೋಡಿದರೆ ಎಲ್ಲವೂ ಅಗ್ಗ ಅನ್ನಿಸುತ್ತದೆ. ಕಂಪನಿಗಳಿಗೆ ಬೇಕಾಗಿರುವುದೂ ಅದೇ.

ಈ ಟೋಲ್ ಮೊದಲಿಂದಲೂ ಎಲ್ಲ ಕಡೆ ಇರಲಿಲ್ಲ. ಮೈಕ್ರೋಸಾಫ್ಟ್ 2002ರ ನವೆಂಬರ್‌ನಲ್ಲಿ ತನ್ನ ಎಕ್ಸ್‌ಬಾಕ್ಸ್ ಕನ್ಸೋಲಿಗೆ ಎಕ್ಸ್‌ಬಾಕ್ಸ್ ಲೈವ್ ಅನ್ನುವ ಆನ್‌ಲೈನ್ ಸೇವೆ ಶುರುಮಾಡಿದಾಗ ವರ್ಷಕ್ಕೆ ಸುಮಾರು 50 ಡಾಲರ್ ಇಟ್ಟಿತು. ಸೋನಿಯ ಪ್ಲೇಸ್ಟೇಷನ್ 3 (ಪಿಎಸ್3) ಕಾಲದಲ್ಲಿ ಆನ್‌ಲೈನ್ ಆಟ ಉಚಿತ. 2010ರಲ್ಲಿ ಪ್ಲೇಸ್ಟೇಷನ್ ಪ್ಲಸ್ ಅನ್ನುವ ಚಂದಾ ಬಂದಾಗಲೂ ಅದು ಬೇಕಾದವರಿಗೆ ಮಾತ್ರ ಅಂತ ಇತ್ತು. 2013ರಲ್ಲಿ ಪಿಎಸ್4 ಬಂತು, ಜೊತೆಗೆ ಟೋಲ್ ಗೇಟೂ ಬಂತು. ನಿಂಟೆಂಡೊ ಎಲ್ಲರಿಗಿಂತ ಕೊನೆಗೆ, 2018ರ ಸೆಪ್ಟೆಂಬರ್‌ನಲ್ಲಿ, ತನ್ನ ಸ್ವಿಚ್ ಕನ್ಸೋಲಿನ ಆನ್‌ಲೈನ್ ಆಟಕ್ಕೆ ದುಡ್ಡು ಕೇಳಲು ಶುರುಮಾಡಿತು.

ಸರ್ವರ್ ನಡೆಸಲು ಖರ್ಚಾಗುತ್ತದೆ, ಅದಕ್ಕೇ ಚಂದಾ ಅನ್ನುವ ಸಮರ್ಥನೆ ಆಗಾಗ ಕೇಳುತ್ತದೆ. ಅರ್ಧ ಮಾತ್ರ ನಿಜ. ಎಷ್ಟೋ ಗೇಮ್‌ಗಳ ಸರ್ವರ್ ನಡೆಸುವುದು ಆ ಗೇಮ್ ಮಾಡಿದ ಕಂಪನಿ, ಕನ್ಸೋಲ್ ಕಂಪನಿಯಲ್ಲ. ಅದೇ ಗೇಮನ್ನು ಪಿಸಿಯಲ್ಲಿ ಆಡಿದರೆ ಈ ಟೋಲ್ ಇಲ್ಲ. ಸ್ಟೀಮ್ ಅನ್ನುವ ಪಿಸಿ ಗೇಮ್ ಅಂಗಡಿಯಲ್ಲಿ ಕೊಂಡವರು ಒಂದು ಪೈಸೆಯೂ ಹೆಚ್ಚಿಗೆ ಕೊಡದೆ ಆನ್‌ಲೈನ್ ಆಡುತ್ತಿದ್ದಾರೆ. ಕನ್ಸೋಲ್ ಕಂಪನಿಗಳು ಕೇಳುತ್ತವೆ, ಯಾಕೆಂದರೆ ಕೇಳಬಹುದು. ಆದರೆ ಗ್ರಾಹಕರು ಒಟ್ಟಾಗಿ ಗಲಾಟೆ ಮಾಡಿದರೆ ಬಗ್ಗುತ್ತವೆ ಅನ್ನುವುದೂ ನಿಜ. 2021ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್‌ನ ಚಂದಾ ಆಗಿದ್ದ ಲೈವ್ ಗೋಲ್ಡ್ ಬೆಲೆಯನ್ನು ಹೆಚ್ಚುಕಮ್ಮಿ ಎರಡರಷ್ಟು ಮಾಡಲು ಹೊರಟಿತ್ತು. ಜನ ಎಷ್ಟು ಬೈದರು ಅಂದರೆ, ಅದೇ ದಿನ ಏರಿಕೆಯನ್ನು ವಾಪಸ್ ಪಡೆಯಿತು. ಅಷ್ಟೇ ಅಲ್ಲ, ಉಚಿತ ಗೇಮ್‌ಗಳಿಗೆ ಚಂದಾ ಬೇಡ ಅಂತಲೂ ಒಪ್ಪಿಕೊಂಡಿತು.

ಹೆಜ್ಜೆ 2: ನಿಮ್ಮ ಮನೆಯಲ್ಲಿ ಆಡುವ ಗೇಮ್‌ಗಳ ಪಟ್ಟಿ ಮಾಡಿ

ಇದೇ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಕಳೆದ ಎರಡು ಮೂರು ತಿಂಗಳಲ್ಲಿ ನಿಜವಾಗಿ ಆಡಿದ ಗೇಮ್‌ಗಳನ್ನು ಬರೆಯಿರಿ. ಆಡಬೇಕು ಅಂದುಕೊಂಡವನ್ನು ಬಿಡಿ. ಈಗ ಪ್ರತಿ ಹೆಸರಿನ ಮುಂದೆ ಈ ನಾಲ್ಕರಲ್ಲಿ ಒಂದನ್ನು ಬರೆಯಿರಿ.

*ಒಬ್ಬರೇ ಆಡುವುದು.* ಗಾಡ್ ಆಫ್ ವಾರ್, ಸ್ಪೈಡರ್‌ಮ್ಯಾನ್ ಥರದ ಕಥೆಯ ಗೇಮ್‌ಗಳು. ಚಂದಾ ಬೇಡ. ಗೇಮಿನ ಅಪ್‌ಡೇಟ್ ಇಳಿಸಿಕೊಳ್ಳಲೂ ಚಂದಾ ಬೇಡ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ.

*ಒಂದೇ ಸೋಫಾದಲ್ಲಿ ಕೂತು ಆಡುವುದು.* ಎರಡು ಕಂಟ್ರೋಲರ್ ಇಟ್ಟುಕೊಂಡು ಅಣ್ಣ ತಮ್ಮ ಆಡುವ ಎಫ್‌ಸಿ (ಫುಟ್‌ಬಾಲ್ ಗೇಮ್), ಟೆಕ್ಕೆನ್, ಇಟ್ ಟೇಕ್ಸ್ ಟು. ಇದಕ್ಕೂ ಚಂದಾ ಬೇಡ. ಮನೆಯಲ್ಲಿ ಆಡುವವರು ಇಬ್ಬರಿದ್ದರೆ, ಚಂದಾ ದುಡ್ಡಿನಲ್ಲಿ ಇನ್ನೊಂದು ಕಂಟ್ರೋಲರ್ ಕೊಳ್ಳುವುದೇ ಜಾಣತನ.

*ಉಚಿತವಾಗಿ ಸಿಗುವ ಆನ್‌ಲೈನ್ ಗೇಮ್.* ಫೋರ್ಟ್‌ನೈಟ್, ರಾಕೆಟ್ ಲೀಗ್, ಇಫುಟ್‌ಬಾಲ್, ಗೆನ್ಶಿನ್ ಇಂಪ್ಯಾಕ್ಟ್, ಅಪೆಕ್ಸ್ ಲೆಜೆಂಡ್ಸ್, ಕಾಲ್ ಆಫ್ ಡ್ಯೂಟಿಯ ವಾರ್‌ಜೋನ್. ಪ್ಲೇಸ್ಟೇಷನ್‌ನಲ್ಲಿ ಇವಕ್ಕೆ ಪ್ಲಸ್ ಬೇಡ. ಎಕ್ಸ್‌ಬಾಕ್ಸ್‌ನಲ್ಲಿ 2021ರ ಏಪ್ರಿಲ್‌ನಿಂದ ಬೇಡ. ಮಗ ದಿನವಿಡೀ ಫೋರ್ಟ್‌ನೈಟ್ ಒಂದನ್ನೇ ಆಡುತ್ತಾನೆ ಅಂದರೆ, ಅವನಿಗಾಗಿ ಚಂದಾ ಕಟ್ಟುವುದು ಸುಮ್ನೆ ದಂಡ. ಗೆಳೆಯರ ಜೊತೆ ಪಾರ್ಟಿ ಚಾಟ್‌ನಲ್ಲಿ ಮಾತಾಡುವುದೂ ಈ ಎರಡು ಕನ್ಸೋಲ್‌ಗಳಲ್ಲಿ ಉಚಿತ.

*ದುಡ್ಡು ಕೊಟ್ಟು ಕೊಂಡು, ಆನ್‌ಲೈನಿನಲ್ಲಿ ಆಡುವುದು.* ಎಫ್‌ಸಿಯ ಅಲ್ಟಿಮೇಟ್ ಟೀಮ್, ಜಿಟಿಎ ಆನ್‌ಲೈನ್, ಹೊಸ ಕಾಲ್ ಆಫ್ ಡ್ಯೂಟಿಯ ಮಲ್ಟಿಪ್ಲೇಯರ್, ಗೆಳೆಯರ ಜೊತೆ ಮೈನ್‌ಕ್ರಾಫ್ಟ್. ಟೋಲ್ ಇರುವುದು ಇಲ್ಲಿ ಮಾತ್ರ.

ಈ ನಾಲ್ಕನೇ ಗುಂಪಿನಲ್ಲಿ ಒಂದು ಹೆಸರೂ ಬರದಿದ್ದರೆ, ನಿಮಗೆ ಆನ್‌ಲೈನ್ ಅನುಮತಿಯ ಬೆಲೆ ಸೊನ್ನೆ. ಮುಂದಿನ ಹೆಜ್ಜೆ ಬಿಟ್ಟು, ಲೈಬ್ರರಿಯ ಲೆಕ್ಕಕ್ಕೆ ಹೋಗಬಹುದು.

ಹೆಜ್ಜೆ 3: ನಿಮ್ಮ ಇಂಟರ್ನೆಟ್ ಲೈನ್ ತಾಳುತ್ತದಾ ನೋಡಿ

ಚಂದಾ ಕಟ್ಟಿದ ಮೇಲೆ ಆಟ ಸರಿಯಾಗಿ ನಡೆಯದಿದ್ದರೆ ಏನು ಉಪಯೋಗ? ಕಟ್ಟುವ ಮುಂಚೆಯೇ ಎರಡು ವಿಷಯ ಪರೀಕ್ಷಿಸಿ.

ಒಂದು ಎನ್‌ಎಟಿ, ಅಂದರೆ ಮನೆಯ ಸಾಧನಗಳು ಒಂದೇ ಐಪಿ ವಿಳಾಸ ಹಂಚಿಕೊಂಡು ಹೊರಗಿನ ಇಂಟರ್ನೆಟ್ ಜೊತೆ ಮಾತಾಡುವ ವ್ಯವಸ್ಥೆ. ಪಿಎಸ್5ನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ಅಲ್ಲಿ ಕನೆಕ್ಷನ್ ಸ್ಟೇಟಸ್‌ಗೆ ಹೋಗಿ ಇಂಟರ್ನೆಟ್ ಪರೀಕ್ಷೆ ಮಾಡಿ. ಫಲಿತಾಂಶದಲ್ಲಿ ಎನ್‌ಎಟಿ ಟೈಪ್ 2 ಅಂತ ಬಂದರೆ ತೊಂದರೆಯಿಲ್ಲ. ಟೈಪ್ 3 ಅಂತ ಬಂದರೆ ಕೆಲವು ಗೇಮ್‌ಗಳಲ್ಲಿ ಗೆಳೆಯರ ಲಾಬಿಗೆ (ಆಟಕ್ಕೆ ಮುಂಚೆ ಎಲ್ಲರೂ ಸೇರುವ ಜಾಗ) ಸೇರಲು ಆಗುವುದಿಲ್ಲ, ಮಾತು ಕೇಳಿಸುವುದಿಲ್ಲ. ಎಕ್ಸ್‌ಬಾಕ್ಸ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್ ಒಳಗೆ ಇದೇ ಪರೀಕ್ಷೆ ಇದೆ, ಅಲ್ಲಿ ಸ್ಟ್ರಿಕ್ಟ್ ಅಂತ ಬಂದರೆ ಅದೇ ತಲೆನೋವು. ನಮ್ಮ ದೇಶದಲ್ಲಿ ಹಲವು ಇಂಟರ್ನೆಟ್ ಕಂಪನಿಗಳು ಒಂದೇ ಹೊರಗಿನ ಐಪಿ ವಿಳಾಸವನ್ನು ಎಷ್ಟೋ ಮನೆಗಳಿಗೆ ಹಂಚುತ್ತವೆ. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ಸಣ್ಣ ಊರಿನ ಕೇಬಲ್ ಬ್ರಾಡ್‌ಬ್ಯಾಂಡ್‌ನಲ್ಲಿ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಈ ಸಮಸ್ಯೆ ಜಾಸ್ತಿ. ಮೊದಲು ರೌಟರಿನ ಸೆಟ್ಟಿಂಗ್ಸ್‌ನಲ್ಲಿ ಯುಪಿಎನ್‌ಪಿ (ಗೇಮ್‌ಗೆ ಬೇಕಾದ ದಾರಿಯನ್ನು ರೌಟರ್ ತಾನೇ ತೆರೆಯುವ ಸೌಲಭ್ಯ) ಆನ್ ಮಾಡಿ ನೋಡಿ. ಆಗಲೂ ಸರಿಹೋಗದಿದ್ದರೆ ಲೈನ್ ಕೊಟ್ಟವರಿಗೆ ಫೋನ್ ಮಾಡಿ ಸ್ಟ್ಯಾಟಿಕ್ ಐಪಿ, ಅಂದರೆ ನಿಮ್ಮ ಮನೆಗೇ ಮೀಸಲಾದ ಬದಲಾಗದ ವಿಳಾಸ, ಕೇಳಿ. ಅದಕ್ಕೆ ಬೇರೆ ದುಡ್ಡು ಕೇಳಿದರೆ, ಆ ದುಡ್ಡನ್ನೂ ಚಂದಾ ಲೆಕ್ಕಕ್ಕೇ ಸೇರಿಸಿ.

ಎರಡನೆಯದು ಪಿಂಗ್, ಅಂದರೆ ಗೇಮಿನ ಸರ್ವರಿಗೆ ಹೋಗಿ ವಾಪಸ್ ಬರಲು ಸಿಗ್ನಲ್ಲಿಗೆ ಹಿಡಿಯುವ ಸಮಯ. ಇದನ್ನು ನೋಡಲು ಚಂದಾ ಬೇಕಾಗಿಲ್ಲ. ಉಚಿತವಾದ ರಾಕೆಟ್ ಲೀಗೋ ಫೋರ್ಟ್‌ನೈಟೋ ಇಳಿಸಿಕೊಂಡು, ಮನೆಯವರೆಲ್ಲ ಸೀರಿಯಲ್ಲು, ಯೂಟ್ಯೂಬು ನೋಡುವ ರಾತ್ರಿ ಎಂಟು ಒಂಬತ್ತು ಗಂಟೆಗೆ ಆಡಿ. ಆಟ ತಡವರಿಸಿ ತಡವರಿಸಿ ಅಷ್ಟರಲ್ಲೇ ನಿಮಗೆ ಸಾಕಾಗಿ ಹೋದರೆ ಕೊಂಡ ಗೇಮಿನಲ್ಲೂ ಅದೇ ಗತಿ. ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿದರೆ ಎಷ್ಟೋ ಸುಧಾರಿಸುತ್ತದೆ.

ಹೆಜ್ಜೆ 4: ಪ್ಲೇಸ್ಟೇಷನ್ ಪ್ಲಸ್ ಲೆಕ್ಕ

ನಮ್ಮಲ್ಲಿ ಪ್ಲೇಸ್ಟೇಷನ್ ಇರುವವರೇ ಜಾಸ್ತಿ ಕಾಣಿಸುವುದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

2022ರ ಜೂನ್‌ನಿಂದ ಪ್ಲಸ್ ಮೂರು ಹಂತದಲ್ಲಿ ಸಿಗುತ್ತದೆ. ಎಸೆನ್ಷಿಯಲ್‌ನಲ್ಲಿ ಆನ್‌ಲೈನ್ ಆಟ, ಕ್ಲೌಡ್ ಸೇವ್, ತಿಂಗಳಿಗೆ ಕೆಲವು ಗೇಮ್‌ಗಳು. ಎಕ್ಸ್‌ಟ್ರಾದಲ್ಲಿ ಇವುಗಳ ಜೊತೆ ದೊಡ್ಡ ಗೇಮ್ ಕ್ಯಾಟಲಾಗ್. ಡೀಲಕ್ಸ್‌ನಲ್ಲಿ ಇನ್ನೂ ಮೇಲೆ ಹಳೆಯ ಕಾಲದ ಕ್ಲಾಸಿಕ್ ಗೇಮ್‌ಗಳು ಮತ್ತು ಹೊಸ ಗೇಮ್‌ಗಳ ಟ್ರಯಲ್. ಅಮೆರಿಕ, ಬ್ರಿಟನ್‌ನಂಥ ಕಡೆ ಪ್ರೀಮಿಯಂ ಅಂತ ಒಂದು ಹಂತ ಇದೆ, ಅದರಲ್ಲಿ ಕ್ಲೌಡ್ ಸ್ಟ್ರೀಮಿಂಗ್ (ಗೇಮ್ ಇಳಿಸಿಕೊಳ್ಳದೆ ನೇರ ಇಂಟರ್ನೆಟ್ ಮೂಲಕ ಆಡುವುದು) ಸಿಗುತ್ತದೆ. ಭಾರತಕ್ಕೆ ಬಂದದ್ದು ಸ್ಟ್ರೀಮಿಂಗ್ ಇಲ್ಲದ ಡೀಲಕ್ಸ್. ಅಲ್ಲಿಯವರ ವಿಡಿಯೊ ನೋಡಿ ಇಲ್ಲಿ ಲೆಕ್ಕ ಹಾಕಬೇಡಿ.

ಭಾರತದಲ್ಲಿ ಈ ಹಂತಗಳು ಶುರುವಾದಾಗ ಎಸೆನ್ಷಿಯಲ್ ತಿಂಗಳಿಗೆ 499 ರೂಪಾಯಿ, ಮೂರು ತಿಂಗಳಿಗೆ 1,199, ವರ್ಷಕ್ಕೆ 2,999 ಇತ್ತು. 2023ರ ಸೆಪ್ಟೆಂಬರ್‌ನಲ್ಲಿ ಸೋನಿ ವರ್ಷದ ಬೆಲೆಯನ್ನು ಮಾತ್ರ ಏರಿಸಿತು. ಎಸೆನ್ಷಿಯಲ್ 3,949 ಆಯಿತು. ಎಕ್ಸ್‌ಟ್ರಾ 4,999ರಿಂದ 6,699ಕ್ಕೆ, ಡೀಲಕ್ಸ್ 5,749ರಿಂದ 7,599ಕ್ಕೆ ಹೋಯಿತು. ಈ ಬೆಲೆಗಳು ಆಗಾಗ ಬದಲಾಗುತ್ತವೆ. ಕಟ್ಟುವ ದಿನ ಸ್ಟೋರಿನಲ್ಲಿ ಕಾಣುವ ಅಂಕಿಯನ್ನು ಹಾಕಿ ಇದೇ ಲೆಕ್ಕ ಮಾಡಿ.

ಈಗ ಆ ಬೆಲೆಗಳನ್ನೇ ಉದಾಹರಣೆಗೆ ಇಟ್ಟುಕೊಂಡು ಅಸಲು ವಿಷಯಕ್ಕೆ ಬರೋಣ. ತಿಂಗಳಿಗೆ 499ರಂತೆ ಹನ್ನೆರಡು ತಿಂಗಳು ಅಂದರೆ 5,988. ಅದನ್ನು ನೋಡಿದ ತಕ್ಷಣ 3,949 ಅಗ್ಗ ಅನ್ನಿಸುತ್ತದೆ, ಅಲ್ವಾ? ಆದರೆ ಹೋಲಿಸಬೇಕಾದದ್ದು ಮೂರು ತಿಂಗಳ ಪ್ಯಾಕ್ ಜೊತೆ. ಮೂರು ತಿಂಗಳ ಪ್ಯಾಕ್ ಮೂರು ಸಲ ಕೊಂಡರೆ ಒಂಬತ್ತು ತಿಂಗಳಿಗೆ 3,597. ಅದಕ್ಕೆ ಇನ್ನೊಂದು ತಿಂಗಳು ಸೇರಿಸಿದರೆ 4,096. ಅಂದರೆ ಆ ಬೆಲೆಗಳಲ್ಲಿ ನೀವು ವರ್ಷದಲ್ಲಿ ಹತ್ತು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಆನ್‌ಲೈನ್ ಆಡಿದರೆ ಮಾತ್ರ ವರ್ಷದ ಚಂದಾ ಲಾಭ. ಒಂಬತ್ತು ತಿಂಗಳ ತನಕ ಮೂರು ತಿಂಗಳ ಪ್ಯಾಕೇ ಅಗ್ಗ. ಎಕ್ಸ್‌ಟ್ರಾ (ತಿಂಗಳಿಗೆ 749, ಮೂರು ತಿಂಗಳಿಗೆ 1,999) ಮತ್ತು ಡೀಲಕ್ಸ್ (849 ಮತ್ತು 2,299) ಲೆಕ್ಕ ಹಾಕಿದರೂ ಗೆರೆ ಅಲ್ಲೇ ಬೀಳುತ್ತದೆ. ಬೇಕಾದರೆ ಹಾಳೆಯಲ್ಲಿ ಕೂಡಿ ನೋಡಿ.

ಹಾಗಾದರೆ ವರ್ಷದಲ್ಲಿ ನೀವು ಎಷ್ಟು ತಿಂಗಳು ಆಡುತ್ತೀರಿ? ಕ್ಯಾಲೆಂಡರ್ ತೆಗೆದು ನೋಡಿ. ಶಾಲೆ ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಜನವರಿಯಿಂದ ಪರೀಕ್ಷೆ ಮುಗಿಯುವ ತನಕ ಕನ್ಸೋಲ್ ಮೇಲೆ ಬಟ್ಟೆ ಮುಚ್ಚಿರುತ್ತದೆ. ಎಸ್‌ಎಸ್‌ಎಲ್‌ಸಿಯೋ ಪಿಯುಸಿಯೋ ಇದ್ದರಂತೂ ಕೇಬಲನ್ನೇ ಕಿತ್ತು ಬೀರುವಿನಲ್ಲಿ ಇಟ್ಟಿರುತ್ತಾರೆ. ಆಟ ನಡೆಯುವುದು ಏಪ್ರಿಲ್ ಮೇ ಬೇಸಿಗೆ ರಜೆಯಲ್ಲಿ, ದಸರಾ ರಜೆಯಲ್ಲಿ, ಡಿಸೆಂಬರಿನ ಕೊನೆಯಲ್ಲಿ. ಅಂಥ ಮನೆಗೆ ಬೇಸಿಗೆಗೆ ಒಂದು ಮೂರು ತಿಂಗಳ ಪ್ಯಾಕ್, ದಸರಾಗೆ ಒಂದು ತಿಂಗಳು, ಡಿಸೆಂಬರಿಗೆ ಒಂದು ತಿಂಗಳು ಸಾಕು. ಎಸೆನ್ಷಿಯಲ್‌ಗೆ ಒಟ್ಟು 2,197. ವರ್ಷದ ಚಂದಾಕ್ಕಿಂತ 1,752 ರೂಪಾಯಿ ಉಳಿಯಿತು.

ಕೆಲಸಕ್ಕೆ ಹೋಗುವವರು ತಮ್ಮ ಬಗ್ಗೆ ತಾವೇ ಉದಾರವಾಗಿ ಅಂದಾಜು ಮಾಡಿಕೊಳ್ಳುತ್ತಾರೆ. ವಾರಕ್ಕೆ ನಾಲ್ಕು ದಿನ ಆಡುತ್ತೇನೆ ಅನ್ನುವವರು ಪ್ರೊಫೈಲಿನಲ್ಲಿ ಪ್ರತಿ ಗೇಮಿನ ಪಕ್ಕ ತೋರಿಸುವ ಗಂಟೆಗಳನ್ನು ಒಮ್ಮೆ ನೋಡಲಿ. ಪಿಎಸ್5 ಅದನ್ನು ಮುಚ್ಚಿಡುವುದಿಲ್ಲ.

ತಿಂಗಳ ಗೇಮ್‌ಗಳ ಬಗ್ಗೆ ಒಂದು ಮಾತು. ಪ್ರತಿ ತಿಂಗಳ ಮೊದಲ ಮಂಗಳವಾರದ ಹೊತ್ತಿಗೆ ಹೊಸ ಗೇಮ್‌ಗಳು ಬರುತ್ತವೆ. ಚಂದಾ ಇರುವಾಗ ಅವನ್ನು ಲೈಬ್ರರಿಗೆ ಸೇರಿಸಿಕೊಂಡರೆ ಸಾಕು, ಇಳಿಸಿಕೊಳ್ಳಬೇಕೆಂದಿಲ್ಲ. ಮೊಬೈಲ್ ಆ್ಯಪಿನಿಂದಲೂ ಸೇರಿಸಬಹುದು. ಚಂದಾ ಮುಗಿದಾಗ ಅವಕ್ಕೆ ಬೀಗ ಬೀಳುತ್ತದೆ. ಮತ್ತೆ ಕಟ್ಟಿದಾಗ ಬೀಗ ತೆರೆಯುತ್ತದೆ. ಹಾಗಾಗಿ ಬಿಟ್ಟು ಬಿಟ್ಟು ಕಟ್ಟುವವರಿಗೂ ಲೈಬ್ರರಿ ಬೆಳೆಯುತ್ತಲೇ ಹೋಗುತ್ತದೆ. ಇದರಲ್ಲೂ ಒಂದು ಸಣ್ಣ ಉಪಾಯ ಇದೆ. ತಿಂಗಳ ಚಂದಾವನ್ನು ಹೊಸ ಗೇಮ್‌ಗಳು ಬರುವ ಒಂದೆರಡು ದಿನ ಮುಂಚೆ ಶುರುಮಾಡಿ. ಒಂದೇ ತಿಂಗಳ ದುಡ್ಡಿನಲ್ಲಿ ಹಳೆ ತಿಂಗಳ ಗೇಮ್‌ಗಳೂ ಸಿಕ್ಕವು, ಹೊಸ ತಿಂಗಳವೂ ಸಿಕ್ಕವು.

ಹೆಜ್ಜೆ 5: ಲೈಬ್ರರಿಯನ್ನು ಡಿಸ್ಕ್ ಜೊತೆ ಹೋಲಿಸಿ

ಎಸೆನ್ಷಿಯಲ್‌ನಿಂದ ಎಕ್ಸ್‌ಟ್ರಾಗೆ ಹೋದರೆ, 2023ರ ಆ ಬೆಲೆಗಳಲ್ಲಿ, ವರ್ಷಕ್ಕೆ 2,750 ಜಾಸ್ತಿ. ಸೋನಿಯ ದೊಡ್ಡ ಹೊಸ ಗೇಮ್ ಒಂದರ ಬೆಲೆ ನಮ್ಮಲ್ಲಿ 4,999ರ ಆಸುಪಾಸು. ಹಾಗಾದರೆ ಅರ್ಧ ಗೇಮಿನ ದುಡ್ಡಿಗೆ ನೂರಾರು ಗೇಮ್! ಜಾಹೀರಾತಿನಲ್ಲಿ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ.

ನೀವು ನಿಲ್ಲಬೇಡಿ. ಡಿಸ್ಕ್ ಹಾಕುವ ಕನ್ಸೋಲ್ ಇದ್ದರೆ, ಆಡಿ ಮುಗಿಸಿದ ಡಿಸ್ಕನ್ನು ಮಾರಬಹುದು, ಬದಲಾಯಿಸಬಹುದು. ಬೆಂಗಳೂರಿನ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ನಂಥ ಕಡೆ ಹಳೆ ಡಿಸ್ಕಿನ ವ್ಯಾಪಾರ ಬಹಳ ವರ್ಷದಿಂದ ಇದೆ. ಓಎಲ್‌ಎಕ್ಸ್‌ನಲ್ಲೂ ನಡೆಯುತ್ತದೆ. 5,000ಕ್ಕೆ ಕೊಂಡ ಡಿಸ್ಕ್ ತಿಂಗಳ ನಂತರ 3,500ಕ್ಕೆ ಹೋಯಿತು ಅಂದುಕೊಳ್ಳಿ, ಆ ಗೇಮಿಗೆ ನಿಮಗೆ ಬಿದ್ದ ಖರ್ಚು 1,500 ಮಾತ್ರ. ಸೆಕೆಂಡ್‌ಹ್ಯಾಂಡ್ ಕೊಂಡು ಸೆಕೆಂಡ್‌ಹ್ಯಾಂಡೇ ಮಾರಿದರೆ ಇನ್ನೂ ಕಡಿಮೆ. ಇಲ್ಲಿ ಎಕ್ಸ್‌ಟ್ರಾ ಅಷ್ಟೇನೂ ಅಗ್ಗ ಅನ್ನಿಸುವುದಿಲ್ಲ.

ಡಿಸ್ಕ್ ಇಲ್ಲದ ಡಿಜಿಟಲ್ ಎಡಿಷನ್ ಇರುವವರ ಲೆಕ್ಕ ಬೇರೆ. ಅವರಿಗೆ ಮಾರುವ ದಾರಿಯೇ ಇಲ್ಲ. ಅವರಿಗೆ ಎಕ್ಸ್‌ಟ್ರಾ ನಿಜಕ್ಕೂ ಉಪಯೋಗ. ಹಾಗೆಯೇ ಈಗಷ್ಟೇ ಮೊದಲ ಸಲ ಪ್ಲೇಸ್ಟೇಷನ್ ಕೊಂಡು, ಹಿಂದಿನ ಹತ್ತು ವರ್ಷದ ಒಳ್ಳೆಯ ಗೇಮ್ ಒಂದನ್ನೂ ಆಡದವರಿಗೂ ಅದು ಹಬ್ಬ. ಅಂಥವರು ಕೂಡ ಮೊದಲು ಮೂರು ತಿಂಗಳು ಮಾತ್ರ ಕಟ್ಟಿ ನೋಡಲಿ.

ಒಂದು ಪರೀಕ್ಷೆ ಹೇಳುತ್ತೇನೆ. ಕ್ಯಾಟಲಾಗ್ ಪೂರ್ತಿ ಪಟ್ಟಿಯನ್ನು ಚಂದಾ ಇಲ್ಲದೆಯೂ ನೋಡಬಹುದು. ಅದರಲ್ಲಿ ನೀವು ದುಡ್ಡು ಕೊಟ್ಟಾದರೂ ಆಡುತ್ತಿದ್ದ ಗೇಮ್‌ಗಳಿಗೆ ಮಾತ್ರ ಗುರುತು ಹಾಕಿ. ಇದೂ ಇರಲಿ ಅನ್ನಿಸುವುದಕ್ಕೆ ಗುರುತು ಬೇಡ. ಮೂರು ತಿಂಗಳಿಗೆ ಎರಡಾದರೂ ಮುಗಿಸುವಷ್ಟು ಗುರುತು ಬಿದ್ದರೆ ಕಟ್ಟಿ. ಕ್ಯಾಟಲಾಗ್‌ನಿಂದ ಗೇಮ್‌ಗಳು ಹೊರಗೂ ಹೋಗುತ್ತವೆ ಅನ್ನುವುದು ನೆನಪಿರಲಿ. ಜಿಟಿಎ 5 ಎಕ್ಸ್‌ಟ್ರಾಗೆ 2023ರ ಡಿಸೆಂಬರ್‌ನಲ್ಲಿ ಬಂದು, 2024ರ ಜೂನ್‌ನಲ್ಲಿ ಹೊರಟುಹೋಯಿತು. ಅರ್ಧ ಆಡಿದವರು ಉಳಿದರ್ಧಕ್ಕೆ ಬೇರೆ ದಾರಿ ನೋಡಬೇಕಾಯಿತು. ಹೊರಡಲಿರುವ ಗೇಮ್‌ಗಳನ್ನು ಲಾಸ್ಟ್ ಚಾನ್ಸ್ ಅನ್ನುವ ಸಾಲಿನಲ್ಲಿ ಮೊದಲೇ ತೋರಿಸುತ್ತಾರೆ. ಆಡಲು ಶುರುಮಾಡುವ ಮುಂಚೆ ಅಲ್ಲಿ ಕಣ್ಣಾಡಿಸಿ.

ಡೀಲಕ್ಸ್‌ಗೆ ಇನ್ನೂ 900 ಜಾಸ್ತಿ. ಪಿಎಸ್1, ಪಿಎಸ್‌ಪಿ ಕಾಲದ ಗೇಮ್‌ಗಳ ಮೇಲೆ ನಿಜವಾದ ಪ್ರೀತಿ ಇಲ್ಲದಿದ್ದರೆ ಬೇಡ.

ಹಂತ ಬದಲಿಸುವಾಗ ಒಂದು ಮರ್ಮ ಇದೆ. ಎಸೆನ್ಷಿಯಲ್ ಇನ್ನೂ ಎಂಟು ತಿಂಗಳು ಬಾಕಿ ಇದೆ, ಒಂದು ತಿಂಗಳು ಮಾತ್ರ ಎಕ್ಸ್‌ಟ್ರಾ ರುಚಿ ನೋಡೋಣ ಅಂದರೆ ಆಗುವುದಿಲ್ಲ. ಬಾಕಿ ಇರುವ ಎಂಟೂ ತಿಂಗಳಿಗೆ ವ್ಯತ್ಯಾಸದ ದುಡ್ಡು ಕೇಳುತ್ತಾರೆ. ವರ್ಷದ ಚಂದಾ ಕಟ್ಟಿದವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಸಣ್ಣ ಪ್ಯಾಕ್ ಕೊಳ್ಳಿ ಅಂತ ಮತ್ತೆ ಮತ್ತೆ ಹೇಳಲು ಇದೂ ಒಂದು ಕಾರಣ.

ಹೆಜ್ಜೆ 6: ಎಕ್ಸ್‌ಬಾಕ್ಸ್ ಇದ್ದರೆ

ಹಳೆಯ ಲೈವ್ ಗೋಲ್ಡ್ 2023ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2025ರ ಅಕ್ಟೋಬರ್‌ನಲ್ಲಿ ಗೇಮ್ ಪಾಸ್ ಅನ್ನುವ ಎಕ್ಸ್‌ಬಾಕ್ಸ್ ಚಂದಾಕ್ಕೆ ಎಸೆನ್ಷಿಯಲ್, ಪ್ರೀಮಿಯಂ, ಅಲ್ಟಿಮೇಟ್ ಅಂತ ಮೂರು ಹಂತ ಮಾಡಿದರು. ಆಗ ಭಾರತದಲ್ಲಿ ಇಟ್ಟ ಬೆಲೆ ತಿಂಗಳಿಗೆ 499, 699 ಮತ್ತು 1,389. ಅಲ್ಟಿಮೇಟ್ ಅದಕ್ಕೂ ಮುಂಚೆ 829 ಇತ್ತು. ಒಂದೇ ಏಟಿಗೆ ಅಷ್ಟು ಏರಿತು. ಮೂರು ಹಂತದಲ್ಲೂ ಆನ್‌ಲೈನ್ ಆಟ ಇದೆ.

ಹಾಗಾಗಿ ಟೋಲ್ ಮಾತ್ರ ಸಾಕು ಅನ್ನುವವರಿಗೆ ಎಸೆನ್ಷಿಯಲ್. ಆದರೆ 200 ರೂಪಾಯಿ ಹೆಚ್ಚು ಕೊಟ್ಟರೆ ಪ್ರೀಮಿಯಂನಲ್ಲಿ 200ಕ್ಕೂ ಹೆಚ್ಚು ಗೇಮ್ ಸಿಗುತ್ತವೆ. ನನ್ನ ಕೇಳಿದರೆ ಈ ಮೂರರಲ್ಲಿ ದುಡ್ಡಿಗೆ ತಕ್ಕ ಬೆಲೆ ಅದೇ. ಅಲ್ಟಿಮೇಟ್‌ನ ದೊಡ್ಡ ಆಕರ್ಷಣೆ ಅಂದರೆ ಮೈಕ್ರೋಸಾಫ್ಟ್‌ನ ಹೆಚ್ಚಿನ ಗೇಮ್‌ಗಳು ಬಿಡುಗಡೆಯಾದ ದಿನವೇ ಸಿಗುವುದು. 2025ರ ಆ ಬೆಲೆಯಲ್ಲಿ ಇದನ್ನು ವರ್ಷಪೂರ್ತಿ ಇಟ್ಟುಕೊಂಡರೆ 16,668 ಆಗುತ್ತಿತ್ತು. ಆ ದುಡ್ಡಿಗೆ ಪೂರ್ತಿ ಬೆಲೆಯ ಮೂರು ಹೊಸ ಗೇಮ್ ಬಂದು, ಇನ್ನೂ ಕೈಯಲ್ಲಿ ಕಾಸು ಉಳಿಯುತ್ತದೆ. ನೀವು ಕಾಯುತ್ತಿದ್ದ ಗೇಮ್ ಬಂದ ತಿಂಗಳು ಅಲ್ಟಿಮೇಟ್ ಕಟ್ಟಿ, ಮುಗಿಸಿ, ಕೆಳಗಿಳಿಯಿರಿ. ಒಂದು ತಿಂಗಳಲ್ಲಿ ಮುಗಿಯುವ ಕಥೆಯ ಗೇಮಿಗೆ ಇದು ಅಗ್ಗದ ದಾರಿ.

2025ರ ನವೆಂಬರ್‌ನಿಂದ ಎಕ್ಸ್‌ಬಾಕ್ಸ್ ಕ್ಲೌಡ್ ಗೇಮಿಂಗ್ ಭಾರತದಲ್ಲೂ ಇದೆ. ಫೋನು, ಲ್ಯಾಪ್‌ಟಾಪು, ಕೆಲವು ಟಿವಿಗಳಲ್ಲಿ ಕನ್ಸೋಲ್ ಇಲ್ಲದೆಯೇ ಆಡಬಹುದು. ಕನ್ಸೋಲ್ ಕೊಳ್ಳಬೇಕಾ ಬೇಡವಾ ಅಂತ ಯೋಚಿಸುತ್ತಿರುವವರು ಒಂದು ತಿಂಗಳು ಹೀಗೆ ಆಡಿ ನೋಡುವುದು ಒಳ್ಳೆಯದು. ಲೈನ್ ಗಟ್ಟಿಯಿರಬೇಕು, ಅಷ್ಟೇ.

ನಿಂಟೆಂಡೊ ಸ್ವಿಚ್ ಇದ್ದರೆ

ನಿಂಟೆಂಡೊ ನಮ್ಮಲ್ಲಿ ಅಧಿಕೃತವಾಗಿ ಮಾರಾಟ ಮಾಡುತ್ತಿಲ್ಲ. ಇಲ್ಲಿರುವ ಸ್ವಿಚ್‌ಗಳೆಲ್ಲ ಆಮದಿನ ಅಂಗಡಿಯಿಂದಲೋ, ಹೊರದೇಶದಲ್ಲಿರುವ ನೆಂಟರ ಸೂಟ್‌ಕೇಸಿನಿಂದಲೋ ಬಂದವು. ಚಂದಾ ಬೆಲೆ ಡಾಲರ್‌ನಲ್ಲಿ ಹೇಳುವುದೇ ಸರಿ. ಒಬ್ಬರಿಗೆ ವರ್ಷಕ್ಕೆ 19.99, ಎಂಟು ಖಾತೆಗಳ ಕುಟುಂಬ ಚಂದಾ 34.99. ಮೂರು ಕಂಪನಿಗಳಲ್ಲಿ ಇದೇ ಅಗ್ಗ. ಇಲ್ಲಿ ವರ್ಷದ್ದೇ ಕೊಳ್ಳಿ, ತಲೆ ಕೆಡಿಸಿಕೊಳ್ಳಬೇಡಿ. ಕುಟುಂಬ ಚಂದಾವನ್ನು ನಾಲ್ಕೈದು ಜನ ಸೇರಿ ಹಂಚಿಕೊಂಡರೆ ತಲೆಗೆ ಬೀಳುವುದು ಒಂದು ಹೋಟೆಲ್ ಊಟದಷ್ಟು.

ಎಕ್ಸ್‌ಪ್ಯಾನ್ಷನ್ ಪ್ಯಾಕ್ ಒಬ್ಬರಿಗೆ 49.99. ನಿಂಟೆಂಡೊ 64 ಕಾಲದ ಹಳೆಯ ಗೇಮ್‌ಗಳು ಬೇಕು ಅನ್ನುವವರಿಗೆ ಮಾತ್ರ. ಸ್ವಿಚ್ 2 ಇದ್ದು, ಜೆಲ್ಡಾದ ಎರಡು ದೊಡ್ಡ ಗೇಮ್‌ಗಳ ಹಳೆ ಆವೃತ್ತಿ ನಿಮ್ಮ ಹತ್ತಿರ ಇದ್ದರೆ ಅವುಗಳ ಅಪ್‌ಗ್ರೇಡ್ ಇದರಲ್ಲೇ ಸಿಗುತ್ತದೆ. ಆಗ ಯೋಚಿಸಬಹುದು.

ಹೆಜ್ಜೆ 7: ಸೇವ್ ಫೈಲ್ ಬಗ್ಗೆ ಯೋಚಿಸಿ

ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಕನ್ಸೋಲ್ ಕೆಟ್ಟ ದಿನ ಮಾತ್ರ ನೆನಪಾಗುತ್ತದೆ.

ಎಕ್ಸ್‌ಬಾಕ್ಸ್‌ನಲ್ಲಿ ಕ್ಲೌಡ್ ಸೇವ್ ಎಲ್ಲರಿಗೂ ಉಚಿತ. ಚಂದಾ ಬೇಕಾಗಿಲ್ಲ. ಪಿಎಸ್5ನಲ್ಲಿ ಪ್ಲಸ್ ಇದ್ದರೆ ಮಾತ್ರ. ಪಿಎಸ್4 ಗೇಮ್‌ಗಳ ಸೇವ್ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಬಹುದು. ಪಿಎಸ್5 ಗೇಮ್‌ಗಳದ್ದನ್ನು ಹಾಗೆ ಬಿಡಿಬಿಡಿಯಾಗಿ ಹಾಕಲು ಬರುವುದಿಲ್ಲ. ಇಡೀ ಕನ್ಸೋಲಿನ ಬ್ಯಾಕಪ್ ತೆಗೆಯಬಹುದು, ಆದರೆ ಅದನ್ನು ವಾಪಸ್ ಹಾಕುವಾಗ ಕನ್ಸೋಲಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಮಿಂಚು ಗುಡುಗಿನ ಮಳೆಗಾಲ, ಹೇಳದೆ ಕೇಳದೆ ಕರೆಂಟ್ ಹೋಗುವ ಊರು, ಮುನ್ನೂರು ಗಂಟೆ ಆಡಿದ ಗೇಮ್. ಈ ಮೂರೂ ನಿಮ್ಮ ಮನೆಯಲ್ಲಿ ಇದ್ದರೆ ಆ ಭಯಕ್ಕೂ ಒಂದು ಬೆಲೆ ಇದೆ. ಹಾಗಂತ ಇದೊಂದಕ್ಕೇ ವರ್ಷಕ್ಕೆ ನಾಲ್ಕು ಸಾವಿರ ಕೊಡುವುದು ಜಾಸ್ತಿ ಆಯ್ತು. ಮೊದಲು ಒಂದು ಒಳ್ಳೆಯ ಸರ್ಜ್ ಪ್ರೊಟೆಕ್ಟರ್ ಅಥವಾ ಯುಪಿಎಸ್ ಹಾಕಿಸಿ.

ನಿಂಟೆಂಡೊದಲ್ಲೂ ಚಂದಾ ಬೇಕು. ಚಂದಾ ನಿಂತ ಮೇಲೆ 180 ದಿನ ಸೇವ್ ಇಟ್ಟಿರುತ್ತಾರೆ. ಎಲ್ಲ ಗೇಮ್‌ಗಳಿಗೂ ಈ ಸೌಲಭ್ಯ ಇಲ್ಲ, ಪೋಕೆಮಾನ್ ಸ್ಕಾರ್ಲೆಟ್ ಮತ್ತು ವಯಲೆಟ್‌ಗೆ ಇಲ್ಲ.

ಹೆಜ್ಜೆ 8: ಒಂದೇ ಮನೆಯಲ್ಲಿ ಎರಡು ಚಂದಾ ಕಟ್ಟಬೇಡಿ

ಅಪ್ಪನಿಗೊಂದು, ಮಗಳಿಗೊಂದು ಅಂತ ಎರಡು ಚಂದಾ ಕಟ್ಟುವ ಮನೆಗಳಿವೆ. ಕನ್ಸೋಲ್ ಒಂದೇ ಆಗಿದ್ದರೆ ಅದು ಬೇಕಿಲ್ಲ. ಪಿಎಸ್5ನಲ್ಲಿ ಚಂದಾ ಇರುವ ಖಾತೆಯಿಂದ ‘ಕನ್ಸೋಲ್ ಶೇರಿಂಗ್ ಅಂಡ್ ಆಫ್‌ಲೈನ್ ಪ್ಲೇ’ ಆನ್ ಮಾಡಿ. ಆಗ ಆ ಕನ್ಸೋಲಿನಲ್ಲಿರುವ ಬೇರೆ ಖಾತೆಯವರೂ ಆನ್‌ಲೈನ್ ಆಡಬಹುದು, ಲೈಬ್ರರಿಯ ಗೇಮ್ ಆಡಬಹುದು. ಕ್ಲೌಡ್ ಸೇವ್ ಮಾತ್ರ ಚಂದಾ ಕಟ್ಟಿದವರಿಗೆ. ಎಕ್ಸ್‌ಬಾಕ್ಸ್‌ನಲ್ಲಿ ಇದನ್ನು ಹೋಮ್ ಎಕ್ಸ್‌ಬಾಕ್ಸ್ ಅನ್ನುತ್ತಾರೆ. ನಿಂಟೆಂಡೊದಲ್ಲಿ ಒಬ್ಬರ ಚಂದಾ ಒಬ್ಬರಿಗೇ. ಅದಕ್ಕೇ ಅಲ್ಲಿ ಕುಟುಂಬ ಚಂದಾ ಬೇಕಾಗುವುದು.

ಹೆಜ್ಜೆ 9: ಕೊಳ್ಳುವ ದಿನ, ಕೊಳ್ಳುವ ರೀತಿ

ಲೆಕ್ಕ ಮಾಡಿ, ವರ್ಷದ್ದೇ ಬೇಕು ಅಂತ ನಿರ್ಧಾರ ಆಯಿತಾ? ಆದರೂ ಇವತ್ತೇ ಕೊಳ್ಳಬೇಡಿ. ಪ್ಲೇಸ್ಟೇಷನ್ ಸ್ಟೋರಿನಲ್ಲಿ ನವೆಂಬರಿನ ಬ್ಲ್ಯಾಕ್ ಫ್ರೈಡೇ ಹೊತ್ತಿಗೆ, ಮೇ ಕೊನೆ ಜೂನ್ ಮೊದಲ ವಾರಗಳ ಡೇಸ್ ಆಫ್ ಪ್ಲೇ ಹೊತ್ತಿಗೆ ವರ್ಷದ ಪ್ಲಸ್ ಮೇಲೆ ರಿಯಾಯಿತಿ ಬರುವ ರೂಢಿ ಇದೆ. ಅಲ್ಲಿಯ ತನಕ ತಿಂಗಳದ್ದು ಸಾಕು.

ದುಡ್ಡು ಕಟ್ಟುವಾಗ ಕಾರ್ಡ್ ಹಾಕುವುದಕ್ಕಿಂತ ವ್ಯಾಲೆಟ್ ಕೋಡ್ ಕೊಳ್ಳುವುದು ನನಗೆ ಇಷ್ಟ. ಅಮೆಜಾನ್ ಇಂಡಿಯಾದಂಥ ಕಡೆ ಸಿಗುತ್ತದೆ. ಬೇಕಾದಷ್ಟೇ ದುಡ್ಡು ವ್ಯಾಲೆಟ್‌ನಲ್ಲಿ ಇದ್ದು, ಕಾರ್ಡ್ ಸೇರಿಸಿರದಿದ್ದರೆ ಚಂದಾ ತಾನಾಗಿ ಮುಂದುವರಿಯಲು ದುಡ್ಡೇ ಇರುವುದಿಲ್ಲ. ಮಕ್ಕಳು ಗೊತ್ತಿಲ್ಲದೆ ಏನಾದರೂ ಕೊಂಡುಬಿಡುವ ಭಯವೂ ಇಲ್ಲ.

ಕಾರ್ಡ್ ಹಾಕಿದ್ದರೆ, ಕೊಂಡ ಐದು ನಿಮಿಷದಲ್ಲೇ ಆಟೋ ರಿನ್ಯೂವಲ್ ಆಫ್ ಮಾಡಿ. ಪಿಎಸ್5ನಲ್ಲಿ ಸೆಟ್ಟಿಂಗ್ಸ್, ಯೂಸರ್ಸ್ ಅಂಡ್ ಅಕೌಂಟ್ಸ್, ಅಕೌಂಟ್, ಪೇಮೆಂಟ್ ಅಂಡ್ ಸಬ್‌ಸ್ಕ್ರಿಪ್ಷನ್ಸ್, ಅಲ್ಲಿ ಸಬ್‌ಸ್ಕ್ರಿಪ್ಷನ್ಸ್. ಎಕ್ಸ್‌ಬಾಕ್ಸ್ ಆದರೆ ಮೈಕ್ರೋಸಾಫ್ಟ್ ಖಾತೆಯ ಪುಟದಲ್ಲಿ ಸರ್ವಿಸಸ್ ಅನ್ನುವ ಕಡೆ. ಆಫ್ ಮಾಡಿದರೆ ಚಂದಾ ತಕ್ಷಣ ನಿಂತುಹೋಗುವುದಿಲ್ಲ, ಕಟ್ಟಿದ ಅವಧಿ ಪೂರ್ತಿ ಸಿಗುತ್ತದೆ. ಹೆದರಬೇಡಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಇಂಥ ತಾನಾಗಿ ಕಡಿತವಾಗುವ ಪಾವತಿಗೆ 24 ಗಂಟೆ ಮುಂಚೆ ಬ್ಯಾಂಕಿನಿಂದ ನಿಮಗೆ ಸೂಚನೆ ಬರಬೇಕು. ಆ ಮೆಸೇಜನ್ನು ಜಾಹೀರಾತು ಅಂದುಕೊಂಡು ಅಳಿಸಬೇಡಿ. ಬೇಡದಿದ್ದರೆ ಆಗಲೇ ರದ್ದು ಮಾಡಬಹುದು.

ಹೊರದೇಶದಿಂದ ಕನ್ಸೋಲ್ ತಂದವರಿಗೆ

ಅಮೆರಿಕ, ದುಬೈ ಕಡೆಯಿಂದ ಅಣ್ಣನೋ ಅಕ್ಕನೋ ಪಿಎಸ್5 ತಂದುಕೊಟ್ಟರೆ ಅದು ಇಲ್ಲೂ ಓಡುತ್ತದೆ. ಚಂದಾ ಅಂಟಿಕೊಳ್ಳುವುದು ಖಾತೆಯ ದೇಶಕ್ಕೆ. ಪ್ಲೇಸ್ಟೇಷನ್ ಖಾತೆಯ ದೇಶವನ್ನು ಒಮ್ಮೆ ಆರಿಸಿದ ಮೇಲೆ ಬದಲಿಸಲು ಆಗುವುದಿಲ್ಲ. ಅಮೆರಿಕದ ಖಾತೆಗೆ ಭಾರತದ ವ್ಯಾಲೆಟ್ ಕೋಡ್ ಹಿಡಿಯುವುದಿಲ್ಲ, ಭಾರತದ ಖಾತೆಗೆ ಅಲ್ಲಿನ ಕೋಡೂ ಹಿಡಿಯುವುದಿಲ್ಲ. ಹುಟ್ಟುಹಬ್ಬಕ್ಕೆ ಅಂತ ನ್ಯೂಜೆರ್ಸಿಯಿಂದ ಗಿಫ್ಟ್ ಕಾರ್ಡ್ ಕಳಿಸುವ ಮಾಮನಿಗೆ ಇದನ್ನು ಮೊದಲೇ ಹೇಳಿಬಿಡಿ. ಅಲ್ಲಿಂದ ತಂದ ಡಿಸ್ಕ್ ಇಲ್ಲಿ ಆಡಲು ಬರುತ್ತದೆ, ಆದರೆ ಆ ಗೇಮಿನ ಹೆಚ್ಚುವರಿ ಭಾಗಗಳನ್ನು ಭಾರತದ ಸ್ಟೋರಿನಲ್ಲಿ ಕೊಂಡರೆ ಹೊಂದಿಕೆಯಾಗದೆ ಹೋಗಬಹುದು. ಎಕ್ಸ್‌ಬಾಕ್ಸ್ ಖಾತೆಯ ದೇಶವನ್ನು ಮೂರು ತಿಂಗಳಿಗೊಮ್ಮೆ ಬದಲಿಸಬಹುದು, ಆದರೆ ಖಾತೆಯಲ್ಲಿ ಉಳಿದ ದುಡ್ಡು ಹೊಸ ದೇಶಕ್ಕೆ ಬರುವುದಿಲ್ಲ. ಬದಲಿಸುವ ಮುಂಚೆ ಅದನ್ನು ಖರ್ಚು ಮಾಡಿ ಮುಗಿಸಿ.